ಮೇಲಿನ ತಂತಿ ಸಣ್ಣದೋ ದಪ್ಪದೋ

ಗದಗ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮಂದಿ ಮೊದಲು ಕೇಳುವುದು ವಿಮಾನದಲ್ಲಿ ಹೆದರಿಕೆಯಾಯಿತೇ ಎಂದು, ಆಮೇಲೆ ಅಲ್ಲಿ ಊಟಕ್ಕೇನು ಮಾಡಿದಿರಿ ಎಂದು. ಎರಡಕ್ಕೂ ನನ್ನಲ್ಲಿ ಉತ್ತರವಿದೆ. ಆದರೆ ಸಮುದ್ರದ ನಟ್ಟನಡುವಿನ ಹೊನೊಲುಲುವಿನಲ್ಲಿ ಆರು ವಾರ ಇದ್ದು ಬಂದ ನನಗೆ ಈಗಲೂ ಮೊದಲು ನೆನಪಾಗುವುದು ನಾಲ್ಕು ನೈಲಾನ್ ತಂತಿ. ಅವು ನನ್ನ ತಲೆ ಕೆಡಿಸಿದಷ್ಟು ಜೀವಮಾನದಲ್ಲಿ ಬೇರೇನೂ ಕೆಡಿಸಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಲಕೋಟಿಯ ಒಂದು ಸಣ್ಣ ಸಹಕಾರಿ ಸಂಘಕ್ಕೆ ನಾನು ಸೆಕ್ರೆಟರಿ. ಬೇರೆ ಬೇರೆ ದೇಶದ ಸಹಕಾರಿಗಳನ್ನು ಒಟ್ಟಿಗೆ ಕೂಡಿಸಿ ಹೊನೊಲುಲುವಿನಲ್ಲಿ ಕೊಡುವ ತರಬೇತಿಯೊಂದಕ್ಕೆ ಹೇಗೋ ನನ್ನ ಹೆಸರು ಬಂತು. ಸುದ್ದಿ ಗದಗ ಮುಟ್ಟಿದ ಮರುದಿನವೇ ಮೌಲಾಸಾಬರಿಂದ ಬುಲಾವು ಬಂತು.

ಮೌಲಾಸಾಬರು ಮೂಲತಃ ಲಕ್ಷ್ಮೇಶ್ವರದವರು. ಗದಗಿನಲ್ಲಿ ಅವರದು ತಂಬೂರಿ, ಹಾರ್ಮೋನಿಯಂ ರಿಪೇರಿಯ ಅಂಗಡಿ. ಶಿರಹಟ್ಟಿಯ ಭಜನಾ ಮೇಳದಿಂದ ಹಿಡಿದು ಮುಂಡರಗಿಯ ಮದುವೆ ಬ್ಯಾಂಡಿನವರೆಗೆ ಎಲ್ಲರ ವಾದ್ಯವೂ ಅವರ ಕೈ ಹಾಯ್ದೇ ಹೋಗಬೇಕು. ಆ ಅಂಗಡಿಯ ಗೋಡೆಯ ಮೊಳೆಗೆ ಎಂಟು ವರ್ಷಗಳಿಂದ ಒಂದು ಪುಟ್ಟ ವಾದ್ಯ ತಂತಿಯಿಲ್ಲದೆ ತೂಗುತ್ತಿತ್ತು. ಯಾರಾದರೂ ಕೊಳ್ಳಲು ಕೇಳಿದರೆ, "ಅದು ಮಾರಾಟದ್ದಲ್ರಿ, ಅಮಾನತು," ಎನ್ನುತ್ತಿದ್ದರು. ಇನ್ನೊಬ್ಬರು ನಂಬಿ ಒಪ್ಪಿಸಿ ಹೋದ ವಸ್ತು ಎಂದರ್ಥ. ಆ ಇನ್ನೊಬ್ಬ ವಾಲ್ಟರ್, ವಾದ್ಯ ಅವನ ಉಕುಲೇಲೆ, ನಾಲ್ಕು ತಂತಿಯ ಮರಿ ಗಿಟಾರಿನಂಥದ್ದು.

ವಾಲ್ಟರ್ ನಮ್ಮ ಹಳ್ಳಿಗಳಲ್ಲಿ ಕೋಳಿ ಸಾಕಣೆ ಕಲಿಸಲು ಹೊನೊಲುಲುವಿನಿಂದ ಬಂದಿದ್ದ ತರುಣ. ಎರಡು ವರ್ಷ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲೇ ಇದ್ದ. ಒಂದು ಬೇಸಿಗೆಯಲ್ಲಿ ಉಕುಲೇಲೆಯ ತಂತಿಯೊಂದು ಹರಿದಾಗ ಅವನನ್ನು ಮೌಲಾಸಾಬರ ಬಳಿ ಕರೆದುಕೊಂಡು ಹೋದವನು ನಾನೇ. ಅವರು ನೋಡುತ್ತಾರೆ, ಮೇಲಿನ ತಂತಿ ಸಣ್ಣದು, ಅದರ ಕೆಳಗಿನದು ಎಲ್ಲಕ್ಕಿಂತ ದಪ್ಪ, ಮತ್ತೆ ಸಣ್ಣ, ಮತ್ತೂ ಸಣ್ಣ. ಯಾರೋ ತಿಳಿಯದವರು ಸಾಲು ತಪ್ಪಿಸಿ ಕಟ್ಟಿದ್ದಾರೆ ಎಂದುಕೊಂಡರು. ಬ್ಯಾಂಡಿನವರ ಮ್ಯಾಂಡೊಲಿನ್‌ಗೆ ಕಟ್ಟಿ ರೂಢಿಯಾದ ಕೈ. ನೈಲಾನು ಕಿತ್ತೊಗೆದು, ಹೊಳೆಯುವ ಉಕ್ಕಿನ ತಂತಿಯನ್ನು ದಪ್ಪದಿಂದ ಸಣ್ಣದಕ್ಕೆ ಸಾಲಾಗಿ ಬಿಗಿದರು. ಆ ಸಂಜೆ ಅದು ಖಣಖಣ ನುಡಿಯಿತು. ಮರುದಿನ ಮುಂಜಾನೆ ನೋಡಿದರೆ, ತಂತಿಗಳನ್ನು ಹಿಡಿದಿಡುವ ಮರದ ತುಂಡು, ಅದಕ್ಕೆ ಕುದುರೆ ಎನ್ನುತ್ತಾರೆ, ಎದೆಯ ಹಲಗೆಯ ಒಂದು ಸಿಬಿರನ್ನೂ ಕಿತ್ತುಕೊಂಡು ಮೇಲೆದ್ದಿತ್ತು. ವಾಲ್ಟರ್ ನಕ್ಕ. "ಇರ್ಲಿ ಬಿಡ್ರಿ, ಮಾಡಿಡ್ರಿ, ಒಯ್ತೀನಿ," ಎಂದ. ಅದೇ ವಾರ ತಂದೆಗೆ ಹುಷಾರಿಲ್ಲವೆಂದು ಟೆಲಿಗ್ರಾಂ ಬಂತು. ಹೋದವನು ಮತ್ತೆ ಬರಲಿಲ್ಲ.

"ಕುಂಡ್ರಿ ಸೆಕ್ರೆಟರಿ ಸಾಹೇಬ್ರ," ಎಂದರು ಮೌಲಾಸಾಬರು ಆ ದಿನ. "ಹಜ್‌ಗೆ ನನ್ನ ಹೆಸರು ಬಂದೈತ್ರಿ. ಮುಂಬೈಯಿಂದ ಹಡಗಾ. ಹೋಗೂ ಮುಂಚೆ ಎಲ್ಲಾರ ಹತ್ರ ಮಾಫಿ ಕೇಳಬೇಕು, ಮಂದೀ ಅಮಾನತು ಮಂದೀಗೆ ಮುಟ್ಟಸಬೇಕು. ಎಲ್ಲಾ ಆತು. ಇದೊಂದ ಉಳದೈತಿ."

ಮೊಳೆಯಿಂದ ಇಳಿಸಿ ಕೊಟ್ಟರು. ಎದೆಯ ಗಾಯಕ್ಕೆ ಡೋಣಿ ಎಂಬ ಹಳ್ಳಿಯ ಹಳೇ ಮನೆಯ ತೊಲೆಯಿಂದ ತೆಗೆದ ಮರದ ತೆಳು ಚೂರು ಕೂಡಿಸಿ, ಕುದುರೆಯನ್ನು ಮತ್ತೆ ಅಂಟಿಸಿದ್ದರು. ಹುಡುಕಿದರೆ ಮಾತ್ರ ಕಾಣಬೇಕು, ಅಂಥ ಕೆಲಸ.

"ಅಲ್ಲೇ ತಂತಿ ತಗೊಂಡು, ಮದಲ ಇದ್ದಂಗ ಕಟ್ಟಸ್ರಿ. ನಾಕು ದಿನಾ ಇಟ್ಟು ನೋಡ್ರಿ. ಕುದರಿ ಏಳಲಿಲ್ಲಂದ್ರ ಅವನ ಕೈಯಾಗ ಕೊಟ್ಟು, ಮೌಲಾಸಾಬ ಮಾಫಿ ಕೇಳ್ಯಾನ ಅಂತ ಹೇಳ್ರಿ. ಎದ್ದರ ಕೊಡಬ್ಯಾಡ್ರಿ, ತಿರುಗಿ ತರ್ರಿ. ಮುರದ ಸಾಮಾನು ಕೊಟ್ಟು ಮಾಫಿ ಕೇಳಾಕ ನನಗ ಮಾರಿ ಇಲ್ರಿ."

"ತಿರುಗಿ ತಂದ್ರ ಏನ್ ಮಾಡ್ತೀರಿ?"

"ಈ ವರ್ಷ ಹಜ್ ಬಿಡ್ತೀನಿ," ಎಂದರು. ಅವರ ವಯಸ್ಸು ನೋಡಿದರೆ ಮುಂದಿನ ವರ್ಷ ಎಂಬ ಮಾತನ್ನು ಧೈರ್ಯವಾಗಿ ಆಡುವ ಹಾಗಿರಲಿಲ್ಲ.

ಮೌಲಾಸಾಬರಿಗೆ ಇಂಚು ಗಿಂಚು ಗೊತ್ತಿಲ್ಲ. ಅಳತೆಗೆಂದು ಒಂದು ಕೆಂಪು ದಾರ ಕೊಟ್ಟರು. ಎರಡು ಗಂಟಿನ ನಡುವೆ ಒಂದು ತಂತಿಯ ಉದ್ದ. ಇನ್ನೊಂದು ಮಾತು ಹೇಳಿದರು, "ಗಾಯ ಕಂಡಕಂಡವರಿಗೆ ತೋರಸಬ್ಯಾಡ್ರಿ." ಈ ಎರಡರಿಂದಲೇ ನಾನು ಹೊನೊಲುಲುವಿನಲ್ಲಿ ಪಡಬಾರದ ಪಾಡು ಪಟ್ಟೆ.

ಎರಡು ಸೋಮವಾರ

ವಿಮಾನದಲ್ಲಿ ಹೆದರಿಕೆ ಆಯಿತು. ಹತ್ತಿದ್ದಕ್ಕಲ್ಲ, ಕ್ಯಾಲೆಂಡರಿಗೆ. ನನಗೆ ಸೋಮವಾರ ಒಪ್ಪತ್ತು. ಟೋಕಿಯೋದಲ್ಲಿ ವಿಮಾನ ಬದಲಿಸಿದ ದಿನ ಸೋಮವಾರ. ಹಗಲೆಲ್ಲ ನೀರಿನ ಮೇಲಿದ್ದು, ಸಂಜೆ ವಿಮಾನ ಏರಿದ ಮೇಲೆ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಒಪ್ಪತ್ತು ಮುಗಿಸಿದೆ. ನಿದ್ದೆ ಮಾಡಿ ಎದ್ದರೆ ಹೊನೊಲುಲುವಿನಲ್ಲಿ ಬೆಳಗಾಗಿತ್ತು. ಗೋಡೆಯ ಮೇಲಿನ ಫಲಕ ಸೋಮವಾರ ಎನ್ನುತ್ತಿತ್ತು, ಅದೇ ಸೋಮವಾರ. ಸಮುದ್ರದ ನಡುವೆ ಒಂದು ಗೆರೆ ದಾಟಿದರೆ ದಿನ ಹಿಂದಕ್ಕೆ ಹೋಗುತ್ತದಂತೆ. ಪಕ್ಕದವರು ಚಿತ್ರ ಬರೆದು ತಿಳಿಸಿದರೂ ತಲೆಗೆ ಹೋಗಲಿಲ್ಲ. ಶಿವನ ಮುಂದೆ ಯಾವ ಸೋಮವಾರ ಲೆಕ್ಕ ಎಂದು ಯೋಚಿಸಿ, ಬಗೆಹರಿಯದೆ, ಎರಡನೆಯದನ್ನೂ ಉಪವಾಸ ಮಾಡಿದೆ.

ಹಾಗೆ ಹಸಿದ ಹೊಟ್ಟೆಯಲ್ಲಿ ಹೊರಗೆ ಬಂದರೆ, ತರಬೇತಿಯವರ ಪರವಾಗಿ ಬಂದಿದ್ದ ಹೆಣ್ಣುಮಗಳು ನನ್ನ ಕೊರಳಿಗೆ ಹೂಮಾಲೆ ಹಾಕಿದಳು. ನಮ್ಮಲ್ಲಿ ಮಾಲೆ ಬಿದ್ದ ಮರುಕ್ಷಣ ತೆಗೆದು ಕೈಯಲ್ಲಿ ಹಿಡಿಯುವುದು ವಿನಯವಂತರ ಲಕ್ಷಣ. ನಾನೂ ಕೈಮುಗಿದು, ತೆಗೆದು, ಪಕ್ಕದ ಪೆಟ್ಟಿಗೆಯ ಮೇಲಿಟ್ಟೆ. ಹುಡುಗಿಯ ಮುಖ ಬಾಡಿತು. ಅಲ್ಲಿ ಹಾಕಿದವರ ಎದುರೇ ಮಾಲೆ ತೆಗೆದರೆ, ನಿನ್ನ ಪ್ರೀತಿ ನನಗೆ ಬೇಡ ಎಂದ ಹಾಗಂತೆ. ಮತ್ತೆ ಹಾಕಿಕೊಂಡೆ. ಆ ದಿನವಿಡೀ ಮಾಲೆ ಹಾಕಿಕೊಂಡೇ ಓಡಾಡಿದೆ, ಚುನಾವಣೆ ಗೆದ್ದವರ ಹಾಗೆ.

ಅಂಗಡಿ, ಮೊದಲ ಸಲ

ವಾಲ್ಟರನ ಹಳೇ ವಿಳಾಸಕ್ಕೆ ಊರಿಂದಲೇ ಪತ್ರ ಬರೆದಿದ್ದೆ. ನಾನು ಹೋಗಿ ಮೂರನೇ ದಿನಕ್ಕೆ ಹಾಸ್ಟೆಲಿಗೆ ಅವನ ಫೋನು ಬಂತು. "ಬಸಣ್ಣಾ, ಆರಾಮ ಇದ್ದೀರೇನ್ರಿ?" ಎಂಟು ವರ್ಷದ ಹಿಂದಿನ ಹುಲಕೋಟಿ ಕನ್ನಡ ಅವನ ಬಾಯಲ್ಲಿ ಹಾಗೇ ಇತ್ತು. ಎರಡನೇ ಭಾನುವಾರ ಮನೆಗೆ ಬರಬೇಕೆಂದ. ಉಕುಲೇಲೆಯ ವಿಷಯ ನಾನು ಎತ್ತಲಿಲ್ಲ. ಕುದುರೆ ಏಳುತ್ತದೋ ಇಲ್ಲವೋ, ಮೊದಲೇ ಹೇಳಿ ಆಸೆ ಹುಟ್ಟಿಸುವುದು ಬೇಡ ಅನಿಸಿತು.

ತಂತಿ ಸಿಗುವ ಅಂಗಡಿ ಹುಡುಕಿದೆ. ಒಳಗೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡಿತು. ಅಲ್ಲಿಯವರು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ಆ ಅಂಗಡಿಯೂ ಮನೆಯ ಮುಂಭಾಗವೇ. ಪರದೇಶಕ್ಕೆ ಬಂದು ಮೊದಲ ಸಲ ನನಗೆ ತಿಳಿಯುವಂಥದ್ದೊಂದು ಕಂಡು ಖುಷಿಯಾಯಿತು. ಆ ಖುಷಿ ಒಂದು ನಿಮಿಷವೂ ಬಾಳಲಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದೆ ಬೆಳ್ಳಿ ಕೂದಲಿನ ಅಜ್ಜಿ ಕೂತಿದ್ದರು. ಉಕುಲೇಲೆಗೆ ತಂತಿ ಬೇಕು ಎಂದೆ. "ಯಾವ ಅಳತೆಯದು?" ಎಂದು ಗೋಡೆಯತ್ತ ಕೈ ಮಾಡಿದರು. ಅಲ್ಲಿ ಒಂದಕ್ಕಿಂತ ಒಂದು ದೊಡ್ಡದಾದ ನಾಲ್ಕು ಉಕುಲೇಲೆಗಳು ತೂಗುತ್ತಿದ್ದವು. ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಎಂದು ಅವುಗಳ ಹೆಸರು. ಒಂದೊಂದಕ್ಕೂ ತಂತಿಯ ದಪ್ಪ ಬೇರೆ. ನನಗೆ ಗೊತ್ತಿದ್ದದ್ದು ವಾಲ್ಟರನದು ಸಣ್ಣದು ಎಂದಷ್ಟೇ. ಆದರೆ ತಂಬೂರಿ ನೋಡಿದ ಕಣ್ಣಿಗೆ ಆ ನಾಲ್ಕೂ ಸಣ್ಣವೇ ಅನಿಸಿದವು.

ಗಾಯ ತೋರಿಸಬಾರದೆಂದು ವಾದ್ಯವನ್ನು ಕೋಣೆಯಲ್ಲೇ ಬಿಟ್ಟು ಹೋಗಿದ್ದೆ. ಕೆಂಪು ದಾರ ತೆಗೆದು ಕೊಟ್ಟೆ. ಅಜ್ಜಿ ಅದನ್ನು ಅಳತೆಪಟ್ಟಿಯ ಮೇಲೆ ಎಳೆದು ಹಿಡಿದು, "ಟೆನರ್," ಎಂದರು. ಆಮೇಲೆ ಇನ್ನೊಂದು ಪ್ರಶ್ನೆ, "ಮೇಲಿನ ತಂತಿ ಸಣ್ಣದು ಬೇಕೋ, ದಪ್ಪದು ಬೇಕೋ?"

ಮೌಲಾಸಾಬರು ಹೇಳಿದ್ದು ಮೊದಲಿದ್ದ ಹಾಗೆ ಎಂದು. ಮೊದಲಿದ್ದದ್ದು ಸಾಲು ತಪ್ಪಿದ್ದೆಂದು ಅವರೇ ಅಂದಿದ್ದರು. ತಪ್ಪಿದ ಸಾಲನ್ನೇ ಕಟ್ಟಿಸಬೇಕೋ, ಸರಿ ಮಾಡಿದ್ದನ್ನೋ? ಕೊನೆಗೆ, ಎಲ್ಲ ವಾದ್ಯದಲ್ಲೂ ದಪ್ಪದ್ದು ಮೊದಲು ಬರುವುದೇ ನ್ಯಾಯ ಎಂದುಕೊಂಡು ದಪ್ಪದ್ದು ಎಂದೆ. ಪೊಟ್ಟಣ ಬಿಚ್ಚಿ ತೋರಿಸಿದರು. ಮೂರು ನೈಲಾನ್, ದಪ್ಪದ್ದಕ್ಕೆ ಮಾತ್ರ ಮೈತುಂಬ ಲೋಹದ ಎಳೆ ಸುತ್ತಿತ್ತು. ಲೋಹ ಕಂಡು ಆ ಉಕ್ಕಿನ ತಂತಿಯೇ ನೆನಪಾಯಿತು. ಆದರೂ ತಂದೆ.

ಕೋಣೆಯಲ್ಲಿ ಕಟ್ಟಿದೆ. ದಪ್ಪ ತಂತಿ, ಅದನ್ನು ಸುತ್ತಿ ಬಿಗಿಯುವ ಬಿರಡೆಯ ತೂತಿನೊಳಗೆ ಹೋಗಲೊಲ್ಲದು. ತುರುಕಿ, ತಿರುವಿ, ಇನ್ನೊಂದು ಸುತ್ತು ಬಿಗಿದೆ. ಒಳಗಿಂದ ಕಟ್ ಎಂದಿತು. ಮೌಲಾಸಾಬರ ಹಡಗು ನನ್ನ ಕೈಯಲ್ಲೇ ಮುಳುಗಿತು ಎಂದುಕೊಂಡೆ. ಎಲ್ಲ ತಂತಿ ಸಡಿಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿರುಕು ಕಾಣಲಿಲ್ಲ. ಆದರೆ ಕಾಣದ್ದು ಇಲ್ಲವೆಂದು ಹೇಳುವವರು ಯಾರು?

ಅಂಗಡಿ, ಎರಡನೇ ಸಲ

ಮರುದಿನ ವಾದ್ಯವನ್ನೇ ಎತ್ತಿಕೊಂಡು ಹೋದೆ. ಅಜ್ಜಿ ನೋಡಿ, "ಇದು ಸೊಪ್ರಾನೊ! ನಿಮ್ಮ ದಾರ ಟೆನರ್ ಎಂದಿತಲ್ಲ?" ಎಂದರು. ದಾರವನ್ನು ವಾದ್ಯದ ಮೇಲೆ ಹಿಡಿದಾಗ ಗುಟ್ಟು ಬಯಲಾಯಿತು. ಅಲ್ಲಿಯವರು ಅಳೆಯುವುದು ತಂತಿಯಲ್ಲಿ ನುಡಿಯುವ ಭಾಗವನ್ನು ಮಾತ್ರ. ಮೌಲಾಸಾಬರು ಅಳೆದದ್ದು ಕತ್ತರಿಸಬೇಕಾದ ತಂತಿಯನ್ನು, ಬಿರಡೆಯಿಂದ ಬುಡದ ಗಂಟಿನವರೆಗೆ. ಅದರ ಮೇಲೆ ಸುತ್ತಲು ನಾಲ್ಕು ಬೆರಳು ಬೇರೆ. ಗಿರಾಕಿಗೆ ತಂತಿ ಸಾಲದೆ ಬರಬಾರದು ಎಂಬುದು ಅವರ ನಲವತ್ತು ವರ್ಷದ ಪದ್ಧತಿ.

ಅಜ್ಜಿಯ ಬೆರಳು ಎದೆಯ ಹಲಗೆಯ ಮೇಲೆ ನಿಂತಿತು. ಗಾಯ ಸಿಕ್ಕಿಬಿಟ್ಟಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಯಾರು ಮಾಡಿದ್ದು ಇದನ್ನು?"

ನನಗೆ ಬರುವ ಇಂಗ್ಲಿಷಿನಲ್ಲಿ, ನಮ್ಮ ಊರಿನ ಒಬ್ಬರು, ತಪ್ಪಾಗಿದ್ದರೆ ಕ್ಷಮಿಸಬೇಕು ಎಂದೆ.

"ತಪ್ಪೇ?" ಅಜ್ಜಿ ಮಗನನ್ನು ಕೂಗಿ ಕರೆದರು. ಅವನೂ ಬಂದು ಭೂತಗನ್ನಡಿ ಹಿಡಿದು ನೋಡಿದ. ಮರದ ಎಳೆಗೆ ಎಳೆ ಹೊಂದಿಸಿ ಕೂಡಿಸಿದ್ದನ್ನು ಇಬ್ಬರೂ ಸವರಿ ಸವರಿ ನೋಡಿದರು. ಕಟ್ ಎಂದದ್ದು ಕುದುರೆಯಲ್ಲ, ದಪ್ಪ ತಂತಿ ತುರುಕಿದ್ದಕ್ಕೆ ಬಿರಡೆ ಕೂಗಿದ್ದು ಎಂದೂ ಹೇಳಿದರು. ಮೌಲಾಸಾಬರು ಇಲ್ಲಿರಬೇಕಾಗಿತ್ತು ಅನಿಸಿತು.

ಸೊಪ್ರಾನೊ ತಂತಿಯ ಪೊಟ್ಟಣ ಬಿಚ್ಚಿ ಅಜ್ಜಿಯೇ ಕಟ್ಟಿದರು. ಮೇಲಿನದು ಸಣ್ಣದು, ಅದರ ಕೆಳಗೆ ದಪ್ಪದು, ಮತ್ತೆ ಸಣ್ಣ, ಮತ್ತೂ ಸಣ್ಣ. ವಾಲ್ಟರನದು ಇದ್ದದ್ದೇ ಹೀಗೆ. ಸಾಲು ತಪ್ಪಿದೆಯಲ್ಲ ಎಂದೆ. "ತಪ್ಪಿಲ್ಲ. ಇದರ ಸಾಲೇ ಇದು," ಎಂದರು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ಭುಜ ಹಾರಿಸಿ ನಕ್ಕರು.

ಇಳಿಯುವ ಶ್ರುತಿ

ನಾಲ್ಕು ದಿನದ ಪರೀಕ್ಷೆ ಶುರುವಾಯಿತು. ಅಜ್ಜಿ ಶ್ರುತಿ ಮಾಡಿ ಕೊಟ್ಟಿದ್ದನ್ನು ಕೋಣೆಗೆ ತಂದು ಮೀಟಿದರೆ ನಾಲ್ಕೂ ಇಳಿದಿದ್ದವು. ಏರಿಸಿದೆ. ತರಗತಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಇಳಿದಿದ್ದವು. ತಂತಿ ಇಳಿಯುತ್ತದೆ ಅಂದರೆ ಎಲ್ಲೋ ಏನೋ ಜರುಗುತ್ತಿದೆ, ಜರುಗುತ್ತಿರುವುದು ಕುದುರೆಯೇ ಇರಬೇಕು. ಕುದುರೆಯ ಅಂಚಿಗೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದೆ. ಆ ವಾರ ತರಬೇತಿಯಲ್ಲಿ ಹಾಲಿನ ಸಹಕಾರಿಗಳ ಬಗ್ಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನನ್ನ ಧ್ಯಾನವೆಲ್ಲ ಆ ಗೆರೆಯ ಮೇಲಿತ್ತು. ಊಟದ ಬಿಡುವಿನಲ್ಲಿ ಓಡಿ ಬಂದು ನೋಡುವುದು, ಗೆರೆ ಅಲ್ಲೇ ಇರುವುದು, ಶ್ರುತಿ ಮಾತ್ರ ಇಳಿದಿರುವುದು.

ಮೂರನೇ ದಿನ ತಡೆಯಲಾಗದೆ ಮತ್ತೆ ಅಂಗಡಿಗೆ ಹೋದೆ. ನನ್ನನ್ನು ಕಂಡ ಅಜ್ಜಿ ಮೊದಲೇ ನಗತೊಡಗಿದರು. ಹೊಸ ನೈಲಾನು ಹಿಗ್ಗುತ್ತದಂತೆ. ಒಂದು ವಾರ ಹಿಗ್ಗಿ ಹಿಗ್ಗಿ ಆಮೇಲೆ ನಿಲ್ಲುತ್ತದಂತೆ. ಮೌಲಾಸಾಬರ ಅಂಗಡಿಯ ಉಕ್ಕು, ಹಿತ್ತಾಳೆಯ ತಂತಿಗಳನ್ನಷ್ಟೇ ಕೇಳಿದವನಿಗೆ ಇದೆಲ್ಲಿ ಗೊತ್ತಾಗಬೇಕು? ಶನಿವಾರ ಶ್ರುತಿ ಕೊಂಚ ನಿಂತಿತು. ಪೆನ್ಸಿಲ್ ಗೆರೆ ಕದಲಿರಲಿಲ್ಲ.

ವಾಲ್ಟರನ ಮನೆ

ಭಾನುವಾರ ವಾಲ್ಟರ್ ಬಾಗಿಲಲ್ಲೇ ನಿಂತಿದ್ದ. ಮೈ ಬಂದಿತ್ತು, ತಲೆ ಬೋಳಾಗಿತ್ತು. ಅವನಿಗೆಂದು ಉಳಿಸಿದ್ದ ರೊಟ್ಟಿ ಕೊಟ್ಟಾಗ ಅದನ್ನು ಬೆರಳಿನಿಂದ ಬಡಿದು ಸದ್ದು ಕೇಳಿ ನಕ್ಕ. ಆಮೇಲೆ ನಾನು ಬಟ್ಟೆ ಬಿಚ್ಚಿ ಉಕುಲೇಲೆ ಮುಂದಿಟ್ಟೆ. ನಗು ನಿಂತುಹೋಯಿತು.

ಮೌಲಾಸಾಬರು ಹೇಳಿಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಹಜ್, ಅಮಾನತು, ಮಾಫಿ, ಎಲ್ಲ. ವಾಲ್ಟರ್ ಎದೆಯ ಹಲಗೆಯ ಗಾಯವನ್ನು ಬೆರಳಿನಿಂದ ಹುಡುಕಿ ಸವರಿದ.

"ಬಸಣ್ಣಾ, ನನಗ ಗೊತ್ತಿತ್ರಿ," ಎಂದ.

"ಏನು ಗೊತ್ತಿತ್ತು?"

"ಇದಕ್ಕ ಉಕ್ಕಿನ ತಂತಿ ನಡಿಯಂಗಿಲ್ಲ ಅಂತ. ಕುದರಿ ಕಿತ್ತು ಬರತೈತಿ ಅಂತ ನಮ್ಮ ಅಪ್ಪಾ ಹೇಳಿದ್ದಾ. ಅವ್ರು ಕಟ್ಟೂವಾಗ ನಾ ಬಾಜೂಕ ಕುಂತಿದ್ನಿ. ಹೇಳಬೇಕಂದ್ನಿ. ಅವ್ರು ಅಷ್ಟ ಪ್ರೀತಿಲೆ ಮಾಡ್ತಿದ್ರು, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಆತು ಆತು ಅಂದ್ನಿ."

ಎಂಟು ವರ್ಷ ಒಬ್ಬ ಮುದುಕ ತನ್ನದೆಂದು ಹೊತ್ತ ತಪ್ಪಿನಲ್ಲಿ ಅರ್ಧ ಇವನದಾಗಿತ್ತು. ಸಿಟ್ಟು ಬರಬೇಕೋ ಕರುಣೆ ಬರಬೇಕೋ ತಿಳಿಯಲಿಲ್ಲ, ಎರಡೂ ಬಂದವು.

"ಅವ್ರಿಗೆ ನಾನ ಮಾಫಿ ಕೇಳಬೇಕ್ರಿ," ಎಂದ ವಾಲ್ಟರ್. ಆಮೇಲೆ ವಾದ್ಯ ಎತ್ತಿಕೊಂಡು ಮೀಟಿದ. ಕುದುರೆ ಅಲುಗಲಿಲ್ಲ. ಅವನ ಕಣ್ಣುಗಳು ಒದ್ದೆಯಾಗಿದ್ದವು, ನನ್ನವೂ.

ಮತ್ತೆ ಗದಗ

ಮರಳಿ ಬರುವಾಗ ಒಂದು ದಿನ ಪೂರ್ತಿ ಮಾಯವಾಯಿತು. ಪುಣ್ಯಕ್ಕೆ ಅದು ಬುಧವಾರ. ಗದಗಿಗೆ ಬಂದು ಮನೆಗೂ ಹೋಗದೆ ಅಂಗಡಿಗೆ ನಡೆದೆ.

ಮೌಲಾಸಾಬರು ಮೊದಲು ಕೇಳಿದ್ದು, "ಕುದರಿ?"

"ಏಳಲಿಲ್ರಿ. ಕೊಟ್ಟು ಬಂದೆ. ಮಾಫ್ ಮಾಡ್ಯಾನ."

ಅವರು ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ಆಮೇಲೆ, "ತಂತಿ ಹ್ಯಾಂಗ ಕಟ್ಟಸಿದ್ರಿ?" ಎಂದರು. ಅಲ್ಲಿಯವರು ನುಡಿಯುವ ಭಾಗ ಮಾತ್ರ ಅಳೆಯುತ್ತಾರೆಂದೂ, ತಂತಿ ಮೇಲಿನದು ಸಣ್ಣ, ಆಮೇಲೆ ದಪ್ಪ ಎಂದೂ ಹೇಳಿ, ನಾಲ್ಕು ಸ್ವರ ನನ್ನ ಒಡಕು ದನಿಯಲ್ಲಿ ಹಾಡಿ ತೋರಿಸಿದೆ. ಮೌಲಾಸಾಬರು ಪಕ್ಕದಲ್ಲಿದ್ದ ತಂಬೂರಿಯನ್ನು ನೋಡಿದರು. ಮೆಲ್ಲಗೆ ಅದರ ನಾಲ್ಕು ತಂತಿ ಮೀಟಿದರು. ಮೊದಲು ಮಧ್ಯಮ ದಪ್ಪದ್ದೊಂದು, ಆಮೇಲೆ ಸಣ್ಣವೆರಡು, ಕೊನೆಗೆ ಎಲ್ಲಕ್ಕಿಂತ ದಪ್ಪದ್ದು.

"ಇದ್ರಾಗೂ ಸಾಲಿಲ್ಲಲ್ರಿ!" ಎಂದರು. "ನಲವತ್ತು ವರ್ಷ ಇದನ್ನ ಕಟ್ಟೇನಿ. ಅದ್ರಾಗ ಮಾತ್ರ ಸಾಲು ಹುಡುಕ್ಯಾಡಿದ್ನಲ್ರಿ."

ಆಮೇಲೆ ವಾಲ್ಟರ್ ಹೇಳಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ. ಮುದುಕರ ಮುಖ ಕೆಂಪಾಯಿತು.

"ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮ ಕುಂತಿದ್ನಾ? ಎಂಟು ವರ್ಷ ಆ ಮೊಳೀ ನೋಡಿದಾಗೊಮ್ಮೆ ನಾ ಸತ್ತೇನ್ರಿ! ಒಂದ ಮಾತು! ಬ್ಯಾಡ ಅನ್ನೂ ಒಂದ ಮಾತು!"

ಆ ದಿನ ಚಹಾ ಕೂಡ ಕೊಡದೆ ಕಳಿಸಿದರು. ಆಮೇಲಿನ ವಾರ ಎರಡು ಸಲ ಹೋದೆ. ವಾಲ್ಟರನ ಮಾಫಿಯ ಮಾತು ಎತ್ತಿದರೆ ಹಾರ್ಮೋನಿಯಂ ಒಳಗೆ ತಲೆ ಹಾಕಿಬಿಡುತ್ತಿದ್ದರು. ಅಮಾನತು ಮುಟ್ಟಿತ್ತು, ಹಜ್‌ಗೆ ಅಡ್ಡಿ ಇರಲಿಲ್ಲ. ಆದರೆ ಈ ಸಿಟ್ಟು ಕಟ್ಟಿಕೊಂಡು ಹೋಗುತ್ತಾರಲ್ಲ ಎಂದು ನನಗೇ ಸಂಕಟವಾಗುತ್ತಿತ್ತು.

ಅವರು ಹೊರಟ ಮುಂಜಾನೆ ಗದಗ ಸ್ಟೇಷನ್ನಿನಲ್ಲಿ ಜನವೋ ಜನ. ಮಾಲೆಯ ಮೇಲೆ ಮಾಲೆ. ಹಾಕಿದ ಹಾಗೆಲ್ಲ ತೆಗೆದು ಮಗನ ಕೈಗೆ ಕೊಡುತ್ತಿದ್ದರು. ನನ್ನ ಸರದಿ ಬಂತು. ಹಾಕಿದೆ. ತೆಗೆಯಲು ಕೈ ಎತ್ತಿದವರ ಕೈ ಹಿಡಿದೆ.

"ತೆಗೀಬ್ಯಾಡ್ರಿ. ವಾಲ್ಟರನ ಊರಾಗ ಹಾಕಿದವರ ಮುಂದ ತೆಗದ್ರ, ನಿನ್ನ ಪ್ರೀತಿ ಬ್ಯಾಡ ಅಂದಂಗ."

ಮೌಲಾಸಾಬರು ನನ್ನನ್ನೇ ನೋಡಿದರು. ಎತ್ತಿದ ಕೈಯನ್ನು ಜೇಬಿಗೆ ಇಳಿಸಿ ಒಂದು ಕೆಂಪು ದಾರ ತೆಗೆದರು. ಎರಡು ಗಂಟು, ನಡುವೆ ಹಿಂದಿನದಕ್ಕಿಂತ ಗಿಡ್ಡ ಅಳತೆ. ವಾದ್ಯ ಕೈಯಲ್ಲಿಲ್ಲದೆ, ಎಂಟು ವರ್ಷದ ನೆನಪಿನಿಂದಲೇ ಅಳೆದಿದ್ದರು.

"ಇದನ್ನ ಅವಂಗ ಕಳಸ್ರಿ. ಈ ಸಲ ನುಡಿಯೂದಷ್ಟ ಅಳದೇನಿ. ಇನ್ನೊಮ್ಮೆ ತಂತಿ ಹರದ್ರ ಬೇಕಾಕ್ಕೈತಿ." ರೈಲು ಸಿಳ್ಳೆ ಹಾಕಿತು. ಅವರು ಬಾಗಿಲ ಕಂಬಿ ಹಿಡಿದು ಹತ್ತಿದರು. "ಮೌಲಾಸಾಬ ಮಾಫ್ ಮಾಡ್ಯಾನ ಅಂತ ಬರೀರಿ. ಬರದು, ಅದರ ಕೆಳಗ ಬರೀರಿ, ಮುಂದಿನ ಸಲ ಬಾಯಿ ಬಿಡಲೇ ಅಂತ!"

ರೈಲು ಹೊರಟಿತು. ಬಾಗಿಲಲ್ಲಿ ನಿಂತವರ ಕೊರಳಲ್ಲಿ ನನ್ನ ಮಾಲೆ ಹಾಗೇ ಇತ್ತು.